ಒಸರು

ದೋಣಿಗಾಲ್ ಹತ್ತಿರ ಗುಡ್ಡ ಜರಿದ ದಿನ
ಬಸ್ಸು ಮೂರು ಗಂಟೆ ನಿಂತಿತ್ತು.
ಟಿಕೆಟ್ ಮೆಷಿನ್ನು ಕಂಕುಳಲ್ಲಿ ಅವುಚಿಕೊಂಡು
ರಸ್ತೆಬದಿಯ ಒಸರಿನಲ್ಲಿ ಕೈ ತೊಳೆಯುವಾಗ
ಕಂಡಿತು ನೆಕ್ಕರೆ.
ಐದೆಸಳು ನೇರಳೆ,
ನಡುವೆ ಕುಡುಗೋಲಿನಂತೆ ಬಾಗಿದ ಹಳದಿ ಕೇಸರ,
ಬುಡ ನೀರಲ್ಲಿ, ತಲೆ ಬಿಸಿಲಲ್ಲಿ.
ಪಕ್ಕದ ಗೇಣುದ್ದದ ಮರಿಯನ್ನು
ಮಣ್ಣು ಸಮೇತ ಎತ್ತಿ
ಒದ್ದೆ ಟವೆಲ್ಲಿನಲ್ಲಿ ಸುತ್ತಿದೆ.

‘ಇದಕ್ಕೇನು, ಲಗೇಜೋ ಹಾಫ್ ಟಿಕೆಟ್ಟೋ?’
ಡ್ರೈವರ್ ಹಿರಿಯಣ್ಣ ಕೇಳಿದ.
ಏಲಕ್ಕಿ ಚೀಲದ ಹೆಂಗಸೊಬ್ಬಳು ಹಿಂದಿನಿಂದ,
‘ಹೆಣ್ಣುಗಿಡ ಕಣವ್ವಾ, ಸೊನ್ನೆ ಟಿಕೆಟ್ ಹರಿ!’
ಪಾಳ್ಯ ದಾಟುವವರೆಗೂ
ಬಸ್ಸು ನಗುತ್ತಲೇ ಇತ್ತು.

ನನ್ನ ಮನೆ ಹಾಸನದ ತಣ್ಣೀರುಹಳ್ಳದಲ್ಲಿ.
ಹೆಸರಿನಲ್ಲಿ ತಣ್ಣೀರೂ ಇದೆ, ಹಳ್ಳವೂ ಇದೆ.
ಬೀದಿಗೆ ಮೂರು ದಿನಕ್ಕೊಮ್ಮೆ ನಲ್ಲಿ.

ಗೇಟಿನ ಪಕ್ಕ, ಗುಲಾಬಿಯ ಸಾಲಲ್ಲಿ
ಕೆಮ್ಮಣ್ಣು, ಸಗಣಿಗೊಬ್ಬರ, ಮರ್ಯಾದೆ
ಎಲ್ಲ ಕೊಟ್ಟು ನೆಟ್ಟೆ.
ಬಕೆಟ್ಟಿನ ಅಂಚಿಗೆ ಸುಣ್ಣ ಕಟ್ಟುವ
ಬೋರಿನ ನೀರನ್ನೇ ಹೊಯ್ದೆ.
ಹದಿನೈದು ದಿನಕ್ಕೆ ಎಲೆಯೆಲ್ಲ ಹಳದಿ,
ನರ ಮಾತ್ರ ಹಸಿರು,
ಡ್ರಿಪ್ ಹಾಕಿಸಿಕೊಂಡವರ ಮುಂಗೈ ಹಾಗೆ.

ಸಿಟ್ಟಿಗೆ ಕಿತ್ತು
ಹಿತ್ತಿಲ ಗೋಡೆಯಾಚೆ ಊರಿದೆ,
ಮುನಿಸಿಪಾಲಿಟಿ ಪೈಪಿನ ಬೆಸುಗೆ ಬಿಟ್ಟು
ಹಗಲಿರುಳು ನೀರು ಜಿನುಗುವ ಕಡೆ.
ಆ ಜಾಗದ ಮೇಲೆ ನಾನೇ
ಮೂರು ಅರ್ಜಿ ಬರೆದಿದ್ದೆ,
ರಸೀದಿ ಇನ್ನೂ ಡಬ್ಬಿಯಲ್ಲಿದೆ.

ಅಲ್ಲಿ ಅದು ಬದುಕಿತು.
ಬದುಕಿತು ಅಂದರೆ ಸಾಲದು,
ಕೆಸರಲ್ಲಿ ಕಾಲೂರಿ
ಜಗಳಗಂಟಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಿತು.
ಒರಟು ಎಲೆ, ಸವರಿದರೆ ಬೆಕ್ಕಿನ ನಾಲಿಗೆ.
ಹೂವು ಒಂದೇ ಹಗಲಿನದು.
ಬೆಳಗಿನ ಪಾಳಿ ಮುಗಿಸಿ ಬರುವಷ್ಟರಲ್ಲಿ
ಎಸಳು ನೆಲದಲ್ಲಿ.
ವಾರದ ರಜೆಯ ದಿನ ಅರಳಿದರೆ ನನ್ನದು,
ಉಳಿದವು ಜೇನಿನವು.

ಕಾಯಿ ಬಿರಿದ ಕಾಲಕ್ಕೆ
ಎದುರುಮನೆ ಮುಬೀನಾಳ ಬಾಯಿ ಕಪ್ಪಾಗಿ
ಅವಳಮ್ಮ ಎತ್ತಿಕೊಂಡು ಓಡಿಬಂದಳು,
‘ಅಕ್ಕಾ, ಏನು ತಿಂದಳೋ, ಆಟೋ ಕರೀರಿ!’
ನಾನು ಮಾತಾಡಲಿಲ್ಲ,
ನಾಲಿಗೆ ಚಾಚಿದೆ.
ನನ್ನದು ಇನ್ನೂ ಕಪ್ಪು.

ಶ್ರಾವಣದಲ್ಲಿ ನೀರುಗಂಟಿ ದ್ಯಾವಯ್ಯ ಬಂದ,
ಕೈಯಲ್ಲಿ ಸ್ಪ್ಯಾನರು,
ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಅರ್ಜಿ.
‘ಸಹಿ ನಿಮ್ಮದೇ ತಾನೇ?’
ನನ್ನದೇ.
‘ಈಗ ಬೇಡ ಅಂತ ಬರಕೊಡಿ, ಹೋಗ್ತೀನಿ.
ಕೊನೆ ಮನೆ ಗಿರಿಜವ್ವನ ನಲ್ಲೀಲಿ
ಎರಡು ವರ್ಷದಿಂದ ಗಾಳಿ ಬತ್ತದೆ.’
ಪೆನ್ನು ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ.

ಬೇರು ಪೈಪನ್ನು ತಬ್ಬಿತ್ತು.
ಒಂದೊಂದೇ ಬಿಡಿಸಿದ ದ್ಯಾವಯ್ಯ,
ಬಾರದ ಒಂದನ್ನು ಕತ್ತರಿಸಿದ,
‘ತಪ್ಪಾಯ್ತು ಕಣಮ್ಮ’ ಅಂದ,
ನನಗೋ ಗಿಡಕ್ಕೋ ತಿಳಿಯಲಿಲ್ಲ.
ಅವತ್ತು ರಾತ್ರಿ ಬೀದಿಯ ತುದಿಯಿಂದ
ಖಾಲಿ ಡ್ರಮ್ಮಿನ ತಳಕ್ಕೆ ನೀರು ಬಡಿವ ಸದ್ದು.
ಬಹಳ ಹೊತ್ತು ಕೇಳುತ್ತ ಮಲಗಿದ್ದೆ.

ಈಗ ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ತಣ್ಣಗಾದ ಟೀ ಚರಟ.
ಅದೂ ಸಾಲದೆ
ಡಿಪೋದಲ್ಲಿ ಬಸ್ಸು ಖಾಲಿಯಾದ ಮೇಲೆ
ಸೀಟಿನಡಿ ಬಗ್ಗಿ ಹುಡುಕುತ್ತೇನೆ,
ಅರ್ಧ ಕುಡಿದು ಬಿಟ್ಟ ಬಾಟಲಿಗಳು.
ಮಂಗಳೂರಿನ ಆಸ್ಪತ್ರೆಗೆ ಹೋಗಿಬಂದವರದು,
ಧರ್ಮಸ್ಥಳದಲ್ಲಿ ಮುಡಿ ಕೊಟ್ಟವರದು,
ಘಾಟಿಯ ತಿರುವಿಗೆ ವಾಂತಿ ಮಾಡಿ
ಬಾಯಿ ಮುಕ್ಕಳಿಸಿ ಮರೆತವರದು.
‘ನಿಂಗೆ ಹುಚ್ಚು’ ಎನ್ನುತ್ತಾನೆ ಹಿರಿಯಣ್ಣ,
ತನ್ನ ಬಾಟಲಿಯ ಕೊನೆಯ ಗುಟುಕು ಉಳಿಸಿ
ಬಾನೆಟ್ಟಿನ ಮೇಲಿಟ್ಟು ಹೋಗುತ್ತಾನೆ.

ಗಿಡ ಮೊದಲಿನಷ್ಟಿಲ್ಲ.
ಒಂದು ಮಗ್ಗುಲು ಒಣಗಿದೆ,
ಇನ್ನೊಂದು ಯೋಚಿಸುತ್ತಿದೆ.
ನಿನ್ನೆ ಸಂಜೆ ತುದಿಯಲ್ಲಿ ಒಂದೇ ಒಂದು ಮೊಗ್ಗು,
ನಾಳೆ ಅಂತ ಮುಷ್ಟಿ ಬಿಗಿದಿತ್ತು.
ಇವತ್ತು ನನಗೆ ಡ್ಯೂಟಿ,
ಮೊದಲ ಬಸ್ಸು, ಐದೂ ಕಾಲು.