ಎತ್ವ

ಡೋಣಿಯ ನೀರು ಉಪ್ಪು. ಅದಕ್ಕೇ
ಆ ಊರಿಗೆ ಬಾವಿಯೆಂದರೆ ಜೀವ.
ಬಾವಿಯ ಕಟ್ಟೆಗೆ ಹಾಸಿದ ಕಲ್ಲು,
ಆರನೇ ಸಾಲಿನಲ್ಲಿ ಯಾರೋ ಒಬ್ಬ ಸರದಾರ
ಈ ಬಾವಿಯನ್ನು
ಕಡಿಸಿದನೋ, ಕೆಡಿಸಿದನೋ.

ನಡುವೆ ಇರುವುದು ಒಂದು ಎತ್ವ ಮಾತ್ರ.
ಅದು ಇರಬೇಕಾದಲ್ಲಿ ಒಂದು ತಗ್ಗು,
ಹೆಬ್ಬೆರಳು ಕೂರುವಷ್ಟು.

ಅಚ್ಚು ತೆಗೆದವನು ನಾನು.
ಕಲ್ಲು ತೊಳೆದು, ಕಾಗದ ತೋಯಿಸಿ,
ಬ್ರಷ್ಷಿನಿಂದ ಬಡಿದು ಮಸಿಗುಂಡು ಒತ್ತಿದರೆ
ಅಕ್ಷರ ಬಿಳಿಯಾಗಿ ಉಳಿಯುತ್ತದೆ, ಸುತ್ತ ಕತ್ತಲು.
ಕೆತ್ತಿದ್ದೂ ಬಿಳಿ, ಕಿತ್ತಿದ್ದೂ ಬಿಳಿ.
ಕಾಗದಕ್ಕೆ ಭೇದ ತಿಳಿಯದು.

ವಿಜಯಪುರದ ಸಭಾಂಗಣದಲ್ಲಿ ತೂಗುಹಾಕಿದರು.
'ಕೆಡಿಸಿ' ಎಂದರು ಉಮದಿ ಸರ್.
ಬೆಳಗಿನ ಪೇಪರು ಇನ್ನೂ ಅವರ ಕಂಕುಳಲ್ಲಿತ್ತು.
'ಕಡಿಸಿ' ಎಂದರು ಜುಮನಾಳ ಮೇಡಂ.
ಅವರೂ ಅದೇ ಪೇಪರು ಓದಿದ್ದರು, ಬೇರೆ ಪುಟ.
'ಇವತ್ತಿನ ಚಾಳೀಸು ತೆಗೆದು ಓದ್ರಿ.'
'ತೆಗೆದರ ನನಗ ಕಲ್ಲೇ ಕಾಣಂಗಿಲ್ರಿ.'
ನಗು. ಚಪ್ಪಾಳೆ, ಎರಡು ಕಂತಿನಲ್ಲಿ.

ಆಮೇಲೆ ಯಾರೋ ಕೇಳಿದರು, ಅಚ್ಚು ತೆಗೆದವರಾರು?
ಎದ್ದು ನಿಂತೆ. ಹುಸೇನಪ್ಪ ಬಡಿಗೇರ.
ಸಭೆ ನನ್ನನ್ನು ಓದತೊಡಗಿತು.
ಈ ಸಾಲಿನವರು ಹುಸೇನಿಗೇ ನಿಂತರು,
ಆ ಸಾಲಿನವರು ಅಪ್ಪನಿಂದ ಸುರು ಮಾಡಿದರು.
ಮೊಹರಮ್ಮಿನ ಡೋಲಿಗೆ ಅವ್ವ ಹೊತ್ತ ಹರಕೆ,
ಮನೆತನ ಉಳಿ-ಬಾಚಿಯದು;
ಇಷ್ಟು ಹೇಳಲು ಒಂದು ಅಡಿಟಿಪ್ಪಣಿ ಬೇಕಿತ್ತು,
ಊಟದ ಹೊತ್ತಾಗಿತ್ತು.

ಇನ್ನೊಂದು ಮಾತು ನಾನೇ ನುಂಗಿದೆ.
ತೆಗೆದದ್ದು ಮೂರು ಪ್ರತಿ.
ಎರಡರಲ್ಲಿ, ಆ ತಗ್ಗಿನ ಹತ್ತಿರ ಬಂದಾಗ
ನನ್ನ ಕೈ ತಾನಾಗಿ ಹಗುರಾಯಿತು.
ಆಗಷ್ಟೇ ಆ ಬಾವಿಯ ನೀರು ಕುಡಿದಿದ್ದೆ;
ಕುಡಿದ ಬಾಯಿಗೆ ಹಂಗಿರುತ್ತದಲ್ಲ.
ಮೂರನೆಯದಕ್ಕೆ ನಾಚಿಕೆಯಾಗಿ
ಬೇಕಾದದ್ದಕ್ಕಿಂತ ಜೋರಾಗಿ ಬಡಿದೆ.
ಗೋಡೆಗೇರಿದ್ದು ಅದೇ.

ಮಸಿ ಆರಲೆಂದು ಕಾಯುತ್ತ ಕೂತಾಗ
ಒಬ್ಬ ಹುಡುಗಿ ಬಂದಳು. 'ಸರೀರಿ ಕಾಕಾ.'
ತುಂಬಿದ ಕೊಡ ಕಲ್ಲಿನ ಮೇಲಿಟ್ಟಳು.
ಕೊಡದ ತಳ, ಹಗ್ಗ ಬಿಚ್ಚಿದ ಕರು ಹಟ್ಟಿಗೆ ನುಗ್ಗುವಂತೆ,
ಆ ತಗ್ಗನ್ನೇ ಹುಡುಕಿಕೊಂಡು
ಅಲುಗಾಡದೆ ಕೂತಿತು.

ಸಿಂಬಿ ಸುತ್ತಿಕೊಂಡಳು, ಎತ್ತಿಕೊಂಡಳು, ಹೋದಳು.
ಆರನೇ ಸಾಲು ಒದ್ದೆಯಾಗಿತ್ತು.