ಹದಿನೇಳನೇ ಪ್ರಶ್ನೆ

ಮನಿಲಾದಿಂದ ನಾನು ತಂದದ್ದು ಎರಡು ಕಟ್ಟು ಕಾಗದ:
ಪಾಠಕ್ಕೆ ಮುಂಚೆ ತುಂಬುವುದು, ಪಾಠವಾದ ಮೇಲೆ ತುಂಬುವುದು.
ನಡುವೆ ಆರು ಶುಕ್ರವಾರ.
ಎರಡರ ವ್ಯತ್ಯಾಸವೇ ಫಲಿತಾಂಶ,
ಕಾದಂಬರಿಯ ಮೊದಲ ಪುಟ, ಕೊನೆಯ ಪುಟ ಓದಿ
ಕತೆ ಗೊತ್ತಾಯಿತು ಎಂದ ಹಾಗೆ.

ಸಮಾರ್ ದ್ವೀಪದ ಆ ಶಾಲೆಯಲ್ಲಿ
ಮಕಬೆಂತಾ ಟೀಚರ್ ಹಲಗೆಯ ಮೇಲೆ ಗರ್ಭಕೋಶ ಬರೆದರೆ
ಹಿಂದಿನ ಬೆಂಚಿಗೆ ಕಂಡದ್ದು ಕೋಡಿನ ಎಮ್ಮೆ.
ತರಗತಿ ನಕ್ಕಿತು. ಟೀಚರೂ ನಕ್ಕರು.
ಆಮೇಲೆ ಎಲ್ಲರಿಗೂ ಬಾಯಿ ಬಂತು:
ಟೀಚರ್, ಎಮ್ಮೆಗೆ ತಿಂಗಳಿಗೊಮ್ಮೆ ಯಾಕೆ ನೋವು?
ಎಮ್ಮೆ ತಡವಾದರೆ ಯಾರಿಗೆ ಹೇಳಬೇಕು?
ನನ್ನ ನಮೂನೆಯಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ.

ಬಿಸ್ಕತ್ತಿನ ಡಬ್ಬಿಯಲ್ಲಿ ಹೆಸರಿಲ್ಲದ ಚೀಟಿಗಳು:
ಮುತ್ತಿಟ್ಟರೆ ಮಗುವಾಗುತ್ತದೆಯೇ?
ಗಂಟಲು ಒಡೆಯುವುದು ಎಂದು ಮುಗಿಯುತ್ತದೆ?
ಈಸ್ಟರಿಗೆ ಚರ್ಚಿನಲ್ಲಿ ಹಾಡಬೇಕು.
ಇದು ಪರೀಕ್ಷೆಗೆ ಬರುತ್ತದೆಯೇ?
ಒಂದು ಚೀಟಿ ಖಾಲಿ. ಎಂಟು ಮಡಿಕೆ ಮಡಿಸಿದ್ದು.

ನಾಲ್ಕನೇ ಶುಕ್ರವಾರ ‘ಬೇಡ’ದ ಪಾಠ.
ವಾರಾಯ್ ಮಾತಿನಲ್ಲಿ ಅದು ‘ದಿರಿ’.
ಗಟ್ಟಿಯಾಗಿ ಹೇಳಿ ಎಂದರು ಟೀಚರ್.
ದಿರಿ! ದಿರಿ! ದಿರಿ!
ಗೇಟಿನ ಹೊರಗೆ ಮೀನಿನವಳು ನಿಂತು,
ಬೇಡವಾದರೆ ಬಿಡಿ, ಕೂಗುವುದೇಕೆ
ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಸರಾಸರಿ ನಲವತ್ತೊಂದರಿಂದ ಅರವತ್ತೆಂಟಕ್ಕೆ ಏರಿದೆ.
ಕಚೇರಿಗೆ ಅಷ್ಟು ಸಾಕು.
ಇಳಿದದ್ದು ಒಂದೇ, ಹದಿನೇಳನೆಯದು:
‘ಬೇಡವೆನಿಸಿದಾಗ ಬೇಡ ಎನ್ನಬಲ್ಲೆ.’
ಮೊದಲ ಸಲ ಮೂವತ್ತೆಂಟು ಮಕ್ಕಳು ಹೌದು ಎಂದಿದ್ದರು,
ಊಟ ಆಯಿತೇ ಎಂದರೆ ಆಯಿತು ಅನ್ನುವಷ್ಟು ಸಲೀಸಾಗಿ.
ಈಗ ಇಪ್ಪತ್ತಾರು.
ಇಲ್ಲಿ ಕಾರ್ಯಕ್ರಮ ಸೋತಿದೆ ಎಂದರು ಫೋನಿನಲ್ಲಿ ಮೇಲಿನವರು.
ಹನ್ನೆರಡು ಮಕ್ಕಳು
ಯಾರ ಮುಖ ನೆನೆದು ಪೆನ್ಸಿಲ್ ತಡೆದರೋ,
ಸೋತದ್ದು ಯಾರೋ,
ನಾನು ಹೂಂ ಎಂದೆ. ಬೇಡ ಎನ್ನಲಿಲ್ಲ.

ಇಪ್ಪತ್ತಮೂರನೇ ನಂಬರಿನ ಹಾಳೆಯಲ್ಲಿ
ಹೌದು ಬರೆದು ಅಳಿಸಿದೆ, ಇಲ್ಲ ಬರೆದು ಅಳಿಸಿದೆ,
ಮತ್ತೆ ಹೌದು, ಮತ್ತೆ ರಬ್ಬರು,
ಕಾಗದ ಸವೆದು ತೂತಾಗಿದೆ.
ನಿಯಮದಂತೆ ಒಂಬತ್ತು ಒತ್ತಿದೆ: ಉತ್ತರವಿಲ್ಲ.

ಒತ್ತಿದ ಮೇಲೆ ಹಾಳೆಯನ್ನು ಕಣ್ಣಿಗೆ ಹಿಡಿದೆ.
ತೂತಿನಾಚೆ ಖಾಲಿ ತರಗತಿ, ಹಲಗೆ,
ಯಾರೂ ಪೂರ್ತಿ ಒರೆಸದ ಎಮ್ಮೆ,
ಒಂದೇ ಕೋಡು.