ತಪ್ಪಿದ್ದಕ್ಕೂ ಒಂದು

ಗೇಟಿನಲ್ಲಿ ಹತ್ತು ಡಾಲರು ಇಸಿದುಕೊಂಡ ಹುಡುಗ
ಯಾವ ಕಡೆ ಎಂದು ಕೇಳಿದ.
ಗೋಧಿಯ ಕಾಯಿಲೆ ನೋಡಲು ಆರು ವಾರಕ್ಕೆ ಬಂದವಳು ನಾನು,
ಈ ಊರಲ್ಲಿ ನನಗೆ ಕಡೆ ಇಲ್ಲ.
ಹಾಗಾದರೆ ನಮ್ಮ ಕಡೆ, ಎಂದು
ಮುಂಗೈಗೆ ನೀಲಿ ಮುದ್ರೆ ಒತ್ತಿ ಒಳಗೆ ಬಿಟ್ಟ.

ಸಿಮೆಂಟಿನ ಕಣಜಗಳ ನೆರಳು ಅರ್ಧ ಮೈದಾನಕ್ಕೆ.
ಸುತ್ತ ಬೇಲಿಗೆ ಮೂತಿ ಒತ್ತಿ ನಿಂತ ಕಾರುಗಳು,
ಕೊಟ್ಟಿಗೆಯಲ್ಲಿ ಹುಲ್ಲಿಗೆ ಕಾದಂತೆ.
ನಟ್ಟನಡುವೆ ಮಣ್ಣು ಮುಚ್ಚಿದ ಕ್ರಿಕೆಟ್ ಪಿಚ್ಚು.
ಗುರುತು ಹಿಡಿದೆ,
ನೆಂಟರ ಮನೆಯಲ್ಲಿ ನಮ್ಮದೇ ಪಾತ್ರೆ ಕಂಡ ಹಾಗೆ.

ಚೆಂಡು ದುಂಡಗಿಲ್ಲ, ಹಲಸಿನ ಬೀಜ.
ನೆಲಕ್ಕೆ ಬಡಿದರೆ ಎತ್ತ ಏಳಬೇಕೆಂದು ಅದಕ್ಕೂ ಗೊತ್ತಿಲ್ಲ.
ಅಂಪೈರು ಬಡಿದ, ತಾನೇ ಹೆದರಿದಂತೆ ಹಿಮ್ಮುಖ ಓಡಿದ,
ಮೂವತ್ತಾರು ಜನ ಅದರ ಬೆನ್ನಿಗೆ.
ಒದೆಯುತ್ತಾರೆ, ಮುಷ್ಟಿಯಿಂದ ಗುದ್ದಿ ದಾಟಿಸುತ್ತಾರೆ,
ಒಬ್ಬನ ಬೆನ್ನಿಗೆ ಮೊಣಕಾಲು ಕೊಟ್ಟು
ಇನ್ನೊಬ್ಬ ಗಾಳಿ ಹತ್ತಿ ಹಿಡಿಯುತ್ತಾನೆ.
ಹಿಡಿದೊಡನೆ ಎಲ್ಲ ನಿಲ್ಲುತ್ತದೆ,
ತುಳಿಸಿಕೊಂಡವನೂ ಎದ್ದು ಮರ್ಯಾದೆಯಿಂದ ದೂರ ಸರಿಯುತ್ತಾನೆ.

ಬಾಲ್! ಎಂದು ಇಡೀ ಬೇಲಿ ಕೂಗುತ್ತದೆ.
ಯಾರು ಬಾಲ ಬಿಚ್ಚಿದರೋ ನನಗೆ ತಿಳಿಯದು,
ಮೂರನೇ ಸಲಕ್ಕೆ ನಾನೂ ಕೂಗಿದೆ.
ಪಕ್ಕದ ಮಡಚು ಕುರ್ಚಿಯಲ್ಲಿ ಪೆನ್ಸಿಲು ಹಿಡಿದು
ಲೆಕ್ಕ ಬರೆಯುತ್ತಿದ್ದ ಡಲ್ಸಿ ಫೆನ್ವಿಕ್, ಎಂಬತ್ತರ ಹತ್ತಿರ,
ತಲೆಯೆತ್ತದೆ ಹೇಳಿದಳು:
ಈಗ ಸಿಕ್ಕಿಬಿದ್ದವನು ನಮ್ಮವನು, ಸುಮ್ಮನಿರು.

ಕಂಬ ನಾಲ್ಕು, ಬಲೆಯಿಲ್ಲ.
ನಡುವಿನ ಎರಡರ ಸಂದಿಯಲ್ಲಿ ಹೋದರೆ ಆರು.
ಪಕ್ಕಕ್ಕೆ ಜಾರಿದರೆ?
ಒಂದು.
ಅಲ್ಲ, ತಪ್ಪಿದರೆ?
ಅದೇ. ತಪ್ಪಿದ್ದಕ್ಕೆ ಒಂದು.
ಪೈ ಕಚ್ಚುವುದನ್ನು ನಿಲ್ಲಿಸಿದೆ,
ಗ್ರೇವಿ ಮುಂಗೈಗಿಳಿದು ನೀಲಿ ಮುದ್ರೆ ಮುಟ್ಟಿತು.
ಮೂವತ್ತನಾಲ್ಕು ಬಂದರೆ ಫೇಲು ಎಂದು
ಓದಿ ಬೆಳೆದವಳು ನಾನು.

ಬಿಳಿ ಕೋಟಿನ ಗೋಲ್ ಅಂಪೈರು, ಡಾಕ್ಟರೋ ಕಟುಕನೋ,
ಆರಕ್ಕೆ ಎರಡು ಬೆರಳು, ಎರಡು ಬಾವುಟ.
ಒಂದಕ್ಕೂ ಅಷ್ಟೇ ಗಂಭೀರ,
ಒಂದು ಬೆರಳು, ಒಂದು ಬಾವುಟ.

ಆರು ಬಿದ್ದರೆ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತವೆ.
ಒಂದಕ್ಕೆ ಯಾರೂ ಇಲ್ಲ,
ಬೂದಿ ಬಣ್ಣದ ಹಳೇ ಪಿಕಪ್ ಗಾಡಿಯೊಂದನ್ನು ಬಿಟ್ಟು.
ಪೀಂ. ಅಷ್ಟೇ. ಕೆಮ್ಮಿದ ಹಾಗೆ.
ನನ್ನ ಅಣ್ಣ, ಕ್ಲಾರಿ, ಎಂದು ಡಲ್ಸಿ ಪುಟ ತಿರುವಿದಳು.
ಅರವತ್ತೇಳರ ಫೈನಲ್. ಎರಡು ಅಂಕ ಹಿಂದಿದ್ದೆವು.
ಸೈರನ್ ಆದ ಮೇಲೆ ಅವನ ಒದೆತ. ಎಡಕ್ಕೆ ಹೋಯಿತು.
ಆಮೇಲೆ?
ಆಮೇಲೇನು, ಒಂದರಲ್ಲಿ ಸೋತೆವು.
ಸೋಮವಾರ ಕುರಿಯ ಉಣ್ಣೆ ಕತ್ತರಿಸಲು ಹೋದ.
ಥರ್ಮಾಸಿನ ಮುಚ್ಚಳದಲ್ಲಿ ಟೀ ಕೊಟ್ಟಳು. ತಣ್ಣಗಾಗಿತ್ತು.

ನಾವು ಸೋತೆವು. ನಾವು ಅಂದೆ, ನೋಡಿ.
ಸೈರನ್ ಮುಗಿದದ್ದೇ ಮಕ್ಕಳು ಬೇಲಿ ಹಾರಿ ನುಗ್ಗಿದವು,
ದೊಡ್ಡವರೂ, ಎರಡು ನಾಯಿಯೂ, ಹಿಂದೆ ನಾನೂ.
ಒಂದು ಚೆಂಡು ನನ್ನ ಕಾಲ ಬಳಿ ಹೊರಳಿ ಮಲಗಿತು.
ಒದಿ, ಅಂದಳು ಮೂಗು ಸೋರುವ ಹುಡುಗಿ.
ಒದ್ದೆ. ಆಫೀಸಿನ ಶೂ, ಕೆಸರು.
ಅದು ಮೊದಲು ನನ್ನ ಮಾತು ಕೇಳಿತು,
ಆಮೇಲೆ ಮನಸ್ಸು ಬದಲಿಸಿ
ನಾಲ್ಕೂ ಕಂಬ ಬಿಟ್ಟು ಪೈ ಅಂಗಡಿಯ ಕಡೆ ಹೋಯಿತು.
ಹುಡುಗಿ ಆಗಲೇ ಅದರ ಹಿಂದೆ.

ಬೂದಿ ಗಾಡಿಯೊಳಗೆ ದೀಪ ಹತ್ತಿತ್ತು.
ಕ್ಲಾರಿ ನೋಡಿದನೋ ಇಲ್ಲವೋ.
ವೈಪರ್ ಒಮ್ಮೆ ಆಡಿತು,
ಮಳೆ ಇರಲಿಲ್ಲ.